ಆಯೇರಿಗೊಂದು ಗೋಡೆ

ಹೊಸ ಮನೆ ಹೊಕ್ಕವರಿಗೆ ನಮ್ಮ ಕಡೆ ಜನ ತರುವ ಆಯೇರಿಯಲ್ಲಿ ಗೋಡೆ ಗಡಿಯಾರ ಇರಲೇಬೇಕು. ಒಂದೇ ಮನೆಗೆ ನಾಲ್ಕೈದು ಬಂದು ಅಟ್ಟ ಸೇರುವುದೂ ಉಂಟು. ಗೋಡೆಗೆ ತೂಗುಹಾಕುವುದನ್ನು ಬಿಟ್ಟು ಗೋಡೆಯನ್ನೇ ಕೊಟ್ಟರೆ? ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಹೊಲಗಳ ಅಂಚಿಗೆ ಗಾರೆಯಿಲ್ಲದೆ ಬರೀ ಕಲ್ಲು ಹೇರಿ ಕಟ್ಟಿದ ಗೋಡೆಗಳು ಹರದಾರಿಗಟ್ಟಲೆ ಹಬ್ಬಿವೆ. ಅದೇ ಗೋಡೆಯನ್ನು ಗೇಣುದ್ದಕ್ಕೋ ಮೊಳದುದ್ದಕ್ಕೋ ಇಳಿಸಿ, ಕೇಳಿದವರ ಮನಸ್ಸಿನಂತೆ ಉಡುಗೊರೆಯಾಗಿ ಕಟ್ಟಿಕೊಡುವ ಕುಶಲಕರ್ಮಿಗಳು ಅಲ್ಲಿದ್ದಾರೆ.

ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತಮುತ್ತ ಇದಕ್ಕೆ ಬೇಕಾದ ಸಾಮಾನು ಕಾಲಿಗೆ ತೊಡರುತ್ತದೆ. ಇಲ್ಲಿನ ಬೂದು ಸುಣ್ಣದ ಕಲ್ಲು ಪದರು ಪದರಾಗಿ ಬಿಡುತ್ತದೆ. ಸುತ್ತಿಗೆಯ ಹದವಾದ ಪೆಟ್ಟಿಗೆ ಚಪ್ಪಟೆ ಚಕ್ಕೆ ಏಳುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಮೆರುಗು ಹೆಚ್ಚು, ಆದರೆ ಈ ಕೆಲಸಕ್ಕೆ ಅದು ಹಟಮಾರಿ. ಕಲಾದಗಿ ಶಿಲಾಸಮೂಹದ ಒಂದು ಭಾಗವನ್ನು ಭೂವಿಜ್ಞಾನಿಗಳು ಲೋಕಾಪುರದ ಹೆಸರಿನಿಂದಲೇ ಗುರುತಿಸುತ್ತಾರೆ. ನೂರು ಕೋಟಿ ವರ್ಷಕ್ಕೂ ಹಿಂದಿನ ಈ ಶಿಲೆಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ತನ್ನ ವರದಿಯಲ್ಲಿ ವಿವರವಾಗಿ ದಾಖಲಿಸಿದ. ಈಗ ಇದೇ ಸೀಮೆಯ ಸುಣ್ಣದ ಕಲ್ಲು ಮುದ್ದಾಪುರದ ಜೆ.ಕೆ. ಸಿಮೆಂಟ್ ಕಾರ್ಖಾನೆಯಲ್ಲಿ ಪುಡಿಯಾಗಿ ಚೀಲ ಸೇರುತ್ತದೆ. ಗಾರೆಯಿಲ್ಲದ ಗೋಡೆಯನ್ನು ಮೂಲೆಗೆ ತಳ್ಳಿದ್ದೇ ಸಿಮೆಂಟು. ಹಾಗೆ ನೋಡಿದರೆ ಕಲ್ಲಿನ ವೈರಿ ಕಲ್ಲೇ!

ಆದರೂ ನಮ್ಮ ಎರೆಭೂಮಿಯಲ್ಲಿ ಗಾರೆಯಿಲ್ಲದ ಹೇರುಗೋಡೆಗೆ ಬಲವಾದ ಕಾರಣವಿದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಬಿಗಿಯಾಗಿ ಕಟ್ಟಿದ ಗೋಡೆ ಸೀಳುಬಿಡುತ್ತದೆ; ಬಿಡಿಗಲ್ಲಿನ ಒಡ್ಡು ಮಾತ್ರ ಮಿಸುಕಾಡಿ ಮತ್ತೆ ಕೂಡ್ರುತ್ತದೆ. ನೀರು ಸಂದಿನಿಂದ ಹಾದು ಹೋಗುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ಈ ವಿದ್ಯೆಯನ್ನು ಯುನೆಸ್ಕೊ 2018ರಲ್ಲಿ ಗ್ರೀಸ್, ಇಟಲಿ, ಸ್ಪೇನ್ ಸೇರಿ ಎಂಟು ದೇಶಗಳ ಹೆಸರಿನಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು; 2024ರಲ್ಲಿ ಇನ್ನೈದು ದೇಶ ಕೂಡಿದವು. ನಮ್ಮ ಒಡ್ಡರ ಕೈಚಳಕಕ್ಕೆ ಅಂಥ ಪಟ್ಟಿಯಲ್ಲಿ ಜಾಗ ಸಿಕ್ಕಿಲ್ಲ.

ಉಡುಗೊರೆಯ ಗೋಡೆ ಪುಟ್ಟದಾದರೂ ನಿಯಮ ದೊಡ್ಡದರದೇ. ಬುಡದ ಅಗಲ ತುದಿಯ ಎರಡರಷ್ಟು. ಎರಡು ಮೈಗಳೂ ಒಳಕ್ಕೆ ವಾಲಿಕೊಂಡು ಏರಬೇಕು. ಕಲ್ಲಿನ ಉದ್ದನೆಯ ಬದಿ ಗೋಡೆಯ ಒಳಗೆ ಹೋಗಬೇಕು. ಚೆಂದ ಕಾಣಲೆಂದು ಅದನ್ನು ಹೊರಗೆ ತೋರಿಸುವುದು ಹೊಸಬರು ಬೀಳುವ ಮೊದಲ ಆಸೆ. ಎರಡು ಕಲ್ಲಿನ ಸಂದಿನ ಮೇಲೆ ಒಂದು ಕಲ್ಲು ಕೂಡ್ರಲೇಬೇಕು. ಸಂದಿನ ಮೇಲೆ ಸಂದು ಬಂದರೆ ಗೋಡೆ ಅಲ್ಲೇ ಬಾಯಿ ಬಿಡುತ್ತದೆ. ನಡುವಿನ ಪೊಳ್ಳಿಗೆ ಚೂರುಗಳನ್ನು ಒಂದೊಂದಾಗಿ ಬಿಗಿಯಬೇಕು, ಮಣ್ಣು ಸುರಿದು ಮುಗಿಸುವಂತಿಲ್ಲ. ಅರ್ಧ ಎತ್ತರಕ್ಕೆ ಎರಡೂ ಮೈ ಹಿಡಿಯುವ ಅಡ್ಡಗಲ್ಲು, ನೆತ್ತಿಗೆ ಸಾಲಾಗಿ ನಿಲ್ಲಿಸಿದ ಕಲ್ಲುಗಳ ಭಾರ. ಅಂಟು ಹಚ್ಚಿ ಕೂಡಿಸಿದರೆ ಕೆಲಸ ಸಲೀಸು, ನಿಜ. ನನ್ನ ಕೇಳಿದರೆ ಅದು ಗೋಡೆಯಲ್ಲ, ಗೊಂಬೆ.

ಉಡುಗೊರೆಯನ್ನು ಒಬ್ಬರದೇ ಆಗಿಸಲು ಹೆಸರು ಕೆತ್ತುವುದು ಎಲ್ಲರಿಗೂ ಹೊಳೆಯುವ ದಾರಿ. ನನಗೆ ಹೆಸರಿಗಿಂತ ಕಲ್ಲಿನ ಊರು ಮುಖ್ಯ. ಸೀಗೆ ಹುಣ್ಣಿಮೆಗೆ ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುವ ನಾಡಿದು. ತನ್ನ ಹೊಲದ ಕಲ್ಲಿಗೆ ರೈತ ಕೊಡುವ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಅದರಲ್ಲೂ ಬಾಗಲಕೋಟೆ ಜಿಲ್ಲೆ ಮುಳುಗಡೆ ಕಂಡ ಜಿಲ್ಲೆ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ಸೀಮೆಯ ಎಷ್ಟೋ ಊರುಗಳು ಜಾಗ ಬಿಟ್ಟವು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಇನ್ನಷ್ಟು ಊರುಗಳ ಸರದಿ. ಪುನರ್ವಸತಿ ಕೇಂದ್ರದ ಆರ್‌ಸಿಸಿ ಮನೆಯಲ್ಲಿರುವ ಅಜ್ಜನಿಗೆ ಹಳೇ ಹಿತ್ತಲಿನ ಪೌಳಿಯ ಕಲ್ಲುಗಳಿಂದಲೇ ಕಟ್ಟಿದ ಮೊಳದುದ್ದದ ಗೋಡೆ ಸಿಕ್ಕರೆ, ಅದರ ಮುಂದೆ ಬೆಳ್ಳಿ ಲೋಟ ಎಷ್ಟರದು? ಅಂಟಿಲ್ಲದ್ದರಿಂದ ಮೊಮ್ಮಕ್ಕಳು ಅದನ್ನು ಕೆಡವಿ ಮತ್ತೆ ಕಟ್ಟಬಹುದು. ‘ಹಂಗಲ್ಲೋ, ಉದ್ದಂದು ಒಳಗ ಹಾಕು’ ಎಂದು ಅಜ್ಜ ಕುಂತಲ್ಲಿಂದಲೇ ಗದರಬಹುದು.

ಮಾಡಿ ನೋಡುವವರಿಗೆ ಎರಡು ಮಾತು. ಕಲ್ಲು ನಿಮ್ಮದೇ ಹೊಲದ್ದೋ, ಕೇಳಿ ಪಡೆದದ್ದೋ ಆಗಿರಲಿ. ಐಹೊಳೆ, ಪಟ್ಟದಕಲ್ಲುಗಳ ಸಂರಕ್ಷಿತ ಸ್ಮಾರಕಗಳ ಆವರಣದಿಂದ ಒಂದು ಚೂರನ್ನೂ ಎತ್ತಬೇಡಿ. ಅಲ್ಲಿ 1958ರ ಸ್ಮಾರಕ ಕಾಯ್ದೆ ಕಾಯುತ್ತಿದೆ. ಇನ್ನೊಂದು, ತೂಕ. ಮೂವತ್ತು ಸೆಂಟಿಮೀಟರ್ ಉದ್ದ, ಹದಿನೈದು ಎತ್ತರ, ಬುಡಕ್ಕೆ ಹನ್ನೆರಡು ಅಗಲದ ಗೋಡೆ ಸುಮಾರು ಎಂಟು ಕಿಲೋ ತೂಗುತ್ತದೆ. ಕೊರಿಯರ್‌ನವರ ಕೈಗೆ ಕೊಡುವುದಕ್ಕಿಂತ ಗೋಣಿಚೀಲದಲ್ಲಿ ಬಿಡಿ ಕಲ್ಲು ಒಯ್ದು, ಕೊಡಬೇಕಾದವರ ಮನೆಯ ಪಡಸಾಲೆಯಲ್ಲೇ ಕೂತು ಕಟ್ಟಿಕೊಡುವುದು ಲೇಸು. ಚಹಾ ಅಂತೂ ಸಿಗುತ್ತದೆ.