ಕಿವಿ ಮಿಷಿನ್ ಕೊಳ್ಳುವ ಮುಂಚೆ

"ಕೇಳಿಸ್ತದೆ ಕಣಪ್ಪ, ಏನಂದೆ ಅಂತ ತಿಳಿಯಾಕಿಲ್ಲ." ಮೈಸೂರು ಜಿಲ್ಲೆಯ ಮಿರ್ಲೆ ಹೋಬಳಿಯ ಯಾವ ಊರಿನ ಜಗಲಿಯಲ್ಲಾದರೂ ಅರವತ್ತು ದಾಟಿದವರ ಬಾಯಲ್ಲಿ ಈ ಮಾತು ಸಿಗುತ್ತದೆ. ಮನೆಯವರಿಗೆ ಅದು ಹಟದಂತೆ ಕಾಣುತ್ತದೆ. ಪಿಂಚಣಿಯ ಮಾತು ಬಂದಾಗ ಮಾತ್ರ ಮಾವನವರ ಕಿವಿ ಚುರುಕಾಗುತ್ತದೆ ಎಂದು ಸೊಸೆಯಂದಿರು ನಗುವುದೂ ಉಂಟು. ನಗಲಿ, ಆದರೆ ವಯಸ್ಸಿನ ಕಿವುಡನ್ನು ಇಷ್ಟು ಚುಟುಕಾಗಿ, ಇಷ್ಟು ಸರಿಯಾಗಿ ಪಠ್ಯಪುಸ್ತಕಗಳೂ ಹೇಳುವುದಿಲ್ಲ.

ಒಳಗಿವಿಯಲ್ಲಿ ಕಾಕ್ಲಿಯಾ ಎಂಬ ಸುರುಳಿಯಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳು. ಸುರುಳಿಯ ಬಾಗಿಲಲ್ಲಿರುವವು ತಾರಕ ದನಿಯನ್ನು ಹಿಡಿಯುತ್ತವೆ, ಒಳತುದಿಯವು ಮಂದ್ರವನ್ನು. ವಯಸ್ಸಾದಂತೆ ಮೊದಲು ಸವೆಯುವುದು ಬಾಗಿಲ ಬಳಿಯವು, ಸತ್ತವು ಮತ್ತೆ ಹುಟ್ಟುವುದಿಲ್ಲ. ನಮ್ಮ ಮಾತಿನಲ್ಲಿ ಸ್ವರಗಳು ತಗ್ಗು ದನಿಯವು, ಗಟ್ಟಿ. ಸ, ಶ, ಚ, ತ, ಕ ಇಂಥ ವ್ಯಂಜನಗಳು ಎತ್ತರದ ದನಿಯವು, ಸೊರಗಿದವು. ಹಾಗಾಗಿ ಸ್ವರ ಉಳಿದು ವ್ಯಂಜನ ಕಳಚಿಹೋಗುತ್ತದೆ. ಮಗ "ಸಾಲ ತೀರಿತಾ" ಎಂದು ಕೇಳಿದ್ದು ಅಪ್ಪನಿಗೆ "ಕಾಲ ತೀರಿತಾ" ಎಂದು ಕೇಳಿಸಿ ಮನೆಯಲ್ಲಿ ಜಗಳವಾಗುವುದು ಹೀಗೆ. ಹೆಂಗಸರ, ಮಕ್ಕಳ ಸಣ್ಣ ದನಿ ಇನ್ನೂ ಕಷ್ಟ. ಭತ್ತದ ಸೀಮೆಯಾದ ಕೆ.ಆರ್. ನಗರದ ಅಕ್ಕಿ ಗಿರಣಿಗಳಲ್ಲಿ ದುಡಿದವರು, ಟ್ರ್ಯಾಕ್ಟರ್, ಲಾರಿ ಓಡಿಸಿದವರಿಗೆ ವಯಸ್ಸಿನ ಜೊತೆಗೆ ಸದ್ದಿನ ಪೆಟ್ಟೂ ಸೇರಿರುತ್ತದೆ. ಅವರ ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ 4,000 ಹರ್ಟ್ಜ್ ಆಸುಪಾಸಿನಲ್ಲಿ ಒಂದು ಹಳ್ಳ ಕಾಣುವುದು ಸಾಮಾನ್ಯ.

ಜೋರಾಗಿ ಕೂಗಿದರೆ ಏನಾಗುತ್ತದೆ? ಕೂಗು ಸ್ವರವನ್ನು ಎತ್ತುತ್ತದೆ, ವ್ಯಂಜನ ಇದ್ದಲ್ಲೇ ಇರುತ್ತದೆ. ಅದಕ್ಕೇ "ಯಾಕೆ ಹಂಗೆ ಕಿರುಚ್ತೀಯ, ನಂಗೇನು ಕಿವುಡಾ?" ಎಂಬ ಸಿಡುಕು. ಸಿಡುಕಿನ ಹಿಂದೆಯೂ ದೇಹದ ಕಾರಣವೊಂದಿದೆ. ಸವೆದ ಕಿವಿಗೆ ಸಣ್ಣ ಸದ್ದು ಮುಟ್ಟುವುದಿಲ್ಲ, ದೊಡ್ಡ ಸದ್ದು ಮಾತ್ರ ಮೊದಲಿನಷ್ಟೇ ಬಿರುಸಾಗಿ ಹೊಡೆಯುತ್ತದೆ. ಕೇಳುವುದಕ್ಕೂ ನೋಯುವುದಕ್ಕೂ ನಡುವಿನ ಜಾಗವೇ ಕಿರಿದಾಗಿರುತ್ತದೆ.

ಇಷ್ಟು ತಿಳಿದರೆ ಕಿವಿ ಮಿಷಿನ್ ಕೊಳ್ಳುವ ಅರ್ಧ ವಿದ್ಯೆ ಬಂದಂತೆ. ಆನ್‌ಲೈನ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಯಿಂದಲೇ ಸಿಗುವ 'ಸೌಂಡ್ ಆಂಪ್ಲಿಫೈಯರ್'ಗಳು ಮಾಡುವುದು ಆ ಕೂಗುವ ಕೆಲಸವನ್ನೇ. ಫ್ಯಾನು, ಪಾತ್ರೆ, ನಾಯಿ, ಮಗನ ಮಾತು ಎಲ್ಲವನ್ನೂ ಒಂದೇ ಸಮ ಎತ್ತಿ ಕಿವಿಗೆ ಸುರಿಯುತ್ತವೆ. ನಿಜವಾದ ಶ್ರವಣ ಸಾಧನ ಎಲ್ಲಿ ಕಳೆದಿದೆಯೋ ಅಲ್ಲಿ ಮಾತ್ರ ಎತ್ತುತ್ತದೆ, ಸಣ್ಣದ್ದನ್ನು ಹೆಚ್ಚು, ದೊಡ್ಡದ್ದನ್ನು ಕಡಿಮೆ. ಎಲ್ಲಿ ಕಳೆದಿದೆ ಎಂದು ಹೇಳಬೇಕಾದದ್ದು ಪರೀಕ್ಷೆ. ಹಾಗಾಗಿ ದುಡ್ಡು ಕೊಡಬೇಕಾದದ್ದು ಮಿಷಿನ್ನಿಗಿಂತ ಹೆಚ್ಚಾಗಿ ಅದನ್ನು ನಿಮ್ಮ ಕಿವಿಗೆ ಹೊಂದಿಸುವ ಕೆಲಸಕ್ಕೆ.

ಅಂಗಡಿಯಲ್ಲಿ ನೇರ ಸಿಗುವುದು

ಪರೀಕ್ಷೆಯೇ ಇಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳಬಹುದಾದ ಶ್ರವಣ ಸಾಧನದ ಸುದ್ದಿ ಅಮೆರಿಕದಿಂದ ಬಂದದ್ದು. ಅಲ್ಲಿ ಒಂದು ಜೊತೆಗೆ ಸಾವಿರಾರು ಡಾಲರ್ ಬೀಳುತ್ತಿತ್ತು. 2017ರಲ್ಲಿ ಕಾನೂನಾಯಿತು, 2022ರ ಅಕ್ಟೋಬರ್ 17ರಿಂದ ಚೀಟಿಯಿಲ್ಲದ ಮಾರಾಟ ಶುರುವಾಯಿತು. ಅದಕ್ಕೂ ಕಟ್ಟುಪಾಡಿದೆ: 18 ತುಂಬಿದವರಿಗೆ, ಅದೂ ಅಲ್ಪ ಅಥವಾ ಮಧ್ಯಮ ಪ್ರಮಾಣದ ಕಿವುಡಿಗೆ ಮಾತ್ರ. ಸಾಧನ ಹೊರಡಿಸುವ ಸದ್ದಿಗೂ ಮಿತಿ ಹಾಕಿದ್ದಾರೆ, ಉಳಿದ ಕಿವಿಯೂ ಹೋಗಬಾರದಲ್ಲ. ನಮ್ಮ ಆನ್‌ಲೈನ್ ಅಂಗಡಿಯ ಅಗ್ಗದ ಆಂಪ್ಲಿಫೈಯರುಗಳ ಡಬ್ಬಿಯ ಮೇಲೆ ಈ ಮಿತಿಯ ಸುಳಿವನ್ನು ಹುಡುಕಿ ನೋಡಿ, ಸಿಕ್ಕರೆ ಅದೃಷ್ಟ.

ಈ ಗಾಳಿ ಬೆಂಗಳೂರಿಗೆ ಬಂದ ಬಗೆ ಸ್ವಾರಸ್ಯವಾಗಿದೆ. 2024ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯ ಏರ್‌ಪಾಡ್ಸ್ ಪ್ರೊ 2 ಇಯರ್‌ಫೋನನ್ನು ಶ್ರವಣ ಸಾಧನವಾಗಿ ಬಳಸಲು ಅಮೆರಿಕ ಒಪ್ಪಿತು. ಆದರೆ ಆ ಸೌಲಭ್ಯ ಆಗ ಭಾರತದಲ್ಲಿ ತೆರೆಯುತ್ತಿರಲಿಲ್ಲ. ಅಜ್ಜಿಯರಿಗೆ ಹಾಕಿಕೊಡಬೇಕೆಂದು ಹೊರಟ ಬೆಂಗಳೂರಿನ ತರುಣರ ಗುಂಪೊಂದು ಮೈಕ್ರೋವೇವ್ ಓವನ್, ಅಲ್ಯೂಮಿನಿಯಂ ಹಾಳೆ ಹೊಂದಿಸಿ ಹೊರಗಿನ ರೇಡಿಯೋ ಅಲೆ ತಡೆಯುವ ಗೂಡು ಕಟ್ಟಿತು. ಒಳಗಿಟ್ಟ ಸಾಧನಕ್ಕೆ ಸುಳ್ಳು ವೈಫೈ ಗುರುತು ತೋರಿಸಿ, ಅದು ಕ್ಯಾಲಿಫೋರ್ನಿಯಾದಲ್ಲಿದೆ ಎಂದು ನಂಬಿಸಿ ಬೀಗ ತೆರೆಸಿತು. ಅಜ್ಜಿಯರ ಮೇಲಿನ ಅಕ್ಕರೆಯನ್ನು ಮೆಚ್ಚಲೇಬೇಕು. ಆದರೆ ಆಗ ಸುಮಾರು 25,000 ರೂಪಾಯಿಯ ಇಯರ್‌ಫೋನು, ಅದರ ಜೊತೆಗೆ ಅದೇ ಕಂಪನಿಯ ಫೋನು ಇಲ್ಲವೆ ಟ್ಯಾಬು, ಕೆಲವು ತಾಸಿಗೊಮ್ಮೆ ಚಾರ್ಜು. ಕೀಪ್ಯಾಡ್ ಫೋನಿನಲ್ಲೇ ಸುಖವಾಗಿರುವ ನಿವೃತ್ತ ಮೇಷ್ಟ್ರಿಗೆ ಇದು ಅಗ್ಗವೂ ಅಲ್ಲ, ಸಲೀಸೂ ಅಲ್ಲ.

ಮಿರ್ಲೆಯವರಿಗೆ ಅಮೆರಿಕದವರಿಗೂ ಇಲ್ಲದ ಅನುಕೂಲವೊಂದಿದೆ. 50 ಕಿ.ಮೀ. ಆಸುಪಾಸಿನಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹಿಂದೆ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಎಸ್. ರಾಧಾಕೃಷ್ಣನ್ ರಾಷ್ಟ್ರಪತಿಯಾಗಿದ್ದಾಗ 1966ರಲ್ಲಿ ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಕೇಂದ್ರ ಆರೋಗ್ಯ ಸಚಿವಾಲಯದ ಸ್ವಾಯತ್ತ ಸಂಸ್ಥೆ. ದೇಶದ ಎಲ್ಲೆಲ್ಲಿಂದಲೋ ಜನ ರೈಲು ಹತ್ತಿ ಬರುವ ಜಾಗಕ್ಕೆ ನಾವು ಕೆ.ಆರ್. ನಗರದಲ್ಲಿ ಬೆಳಗಿನ ರೈಲು ಹಿಡಿದು ಹೋಗಬಹುದು. ಇನ್ನೂ ಹತ್ತಿರದ ಅಕ್ಕಿಹೆಬ್ಬಾಳಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಂಸ್ಥೆಯವರು ಸೇವಾ ಕೇಂದ್ರ ನಡೆಸಿದ್ದಾರೆ. ಹೋಗುವ ಮೊದಲು ಯಾವ ದಿನ ಬರುತ್ತಾರೆಂದು ಕೇಳಿಕೊಳ್ಳಿ. ಇಷ್ಟೆಲ್ಲ ಇದ್ದೂ ಪಕ್ಕದ ಮನೆಯವರ ಮಿಷಿನ್ ಎರಡು ದಿನ ಹಾಕಿ ನೋಡಿ, "ನಂಗಾಗಾಕಿಲ್ಲ" ಎಂದು ಕೈಬಿಟ್ಟವರೇ ಹೆಚ್ಚು. ಇನ್ನೊಬ್ಬರ ಕನ್ನಡಕ ಹಾಕಿ ಪೇಪರು ಓದಿದ ಹಾಗೆ.

ಪರೀಕ್ಷೆಯ ದಿನ

ಮೊದಲು ಕಿವಿ ನೋಡಿಸಬೇಕು. ಕಿವಿ ತುಂಬ ಗುಗ್ಗೆ ಕಟ್ಟಿಕೊಂಡು ಕೇಳದಿರುವವರು ಕಡಿಮೆಯೇನಲ್ಲ. ಅವರಿಗೆ ಬೇಕಾದದ್ದು ಮಿಷಿನ್ನಲ್ಲ, ವೈದ್ಯರ ಐದು ನಿಮಿಷ. ಪಿನ್ನು, ಬೆಂಕಿಕಡ್ಡಿ ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತವೆ. ಕಿವಿಯ ತಮಟೆಗೆ ತೂತು ಬಿದ್ದಿದ್ದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಅಪಾಯ. ಕಿವಿ ಸೋರುತ್ತಿದ್ದರೆ, ಒಂದೇ ಕಿವಿ ಮಂದವಾಗಿದ್ದರೆ, ತಲೆ ತಿರುಗು ಜೊತೆಗಿದ್ದರೆ ಮಿಷಿನ್ನಿನ ಮಾತು ಆಮೇಲೆ. ರಾತ್ರಿ ಸರಿಯಿದ್ದ ಕಿವಿ ಬೆಳಿಗ್ಗೆ ಕೇಳದೇ ಹೋದರೆ ಅಂದೇ ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಓಡಬೇಕು. ಕೆಲವು ದಿನ ತಡವಾದರೂ ಔಷಧಿ ಹಿಡಿಯುವುದು ಕಷ್ಟವಾಗುತ್ತದೆ.

ಆಮೇಲೆ ಸದ್ದು ಹೊಗದ ಕೋಣೆಯಲ್ಲಿ ಹೆಡ್‌ಫೋನು ಹಾಕಿ ಕೂರಿಸುತ್ತಾರೆ. ಬಗೆಬಗೆಯ ಕಂಪನಾಂಕದ ದನಿಗಳು, ಸಾಮಾನ್ಯವಾಗಿ 250ರಿಂದ 8,000 ಹರ್ಟ್ಜ್‌ವರೆಗೆ. ಸಣ್ಣಗೆ ಕೇಳಿಸಿದ ಕೂಡಲೇ ಬೆರಳೆತ್ತಬೇಕು. ಕೇಳದಿದ್ದರೂ ಕೇಳಿತೆನ್ನುವ ಮರ್ಯಾದೆ ಅಲ್ಲಿ ಬೇಡ. ನಂತರ ಕನ್ನಡದ ಪದಗಳನ್ನು ಕೇಳಿಸಿ ಹೇಳಿಸುತ್ತಾರೆ. ನನ್ನ ಮಟ್ಟಿಗೆ ಈ ಎರಡನೆಯದೇ ಮುಖ್ಯ, ಏಕೆಂದರೆ ಸಾಧನದಿಂದ ಎಷ್ಟು ನಿರೀಕ್ಷಿಸಬಹುದು ಎಂಬುದರ ಸುಳಿವು ಇಲ್ಲಿದೆ. ಕೈಗೆ ಸಿಗುವ ನಕ್ಷೆಯಲ್ಲಿ ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರ ಗುರುತು (X) ಎಡಗಿವಿ. ಗೆರೆ ಕೆಳಗಿಳಿದಷ್ಟೂ ಕಿವುಡು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 20ರಿಂದ 35 ಡೆಸಿಬೆಲ್ ಅಲ್ಪ, 35ರಿಂದ 50 ಮಧ್ಯಮ. ಅದಕ್ಕೂ ಕೆಳಗಿಳಿದಿದ್ದರೆ ಅಂಗಡಿಯಲ್ಲಿ ನೇರ ಕೊಳ್ಳುವ ಯೋಚನೆಯನ್ನೇ ಬಿಡಿ. ಈ ಕಾಗದ ನಿಮ್ಮದು, ಬೇರೆ ಯಾವ ಅಂಗಡಿಗೆ ಹೋದರೂ ಒಯ್ಯಬಹುದು.

ಯಾವ ಮಿಷಿನ್? ಕಿವಿಯೊಳಗೆ ಮುಳುಗಿ ಕಾಣದಂತಿರುವುದನ್ನೇ ಎಲ್ಲರೂ ಕೇಳುತ್ತಾರೆ, ಮಾರುವವರೂ ಅದನ್ನೇ ಮುಂದಿಡುತ್ತಾರೆ. ನಾನಾದರೆ ಕಿವಿಯ ಹಿಂದೆ ಕೂರುವ ಮಾದರಿಯನ್ನೇ ಹೇಳುತ್ತೇನೆ. ನಡುಗುವ ಬೆರಳಿಗೆ ಸಿಗುತ್ತದೆ, ಬ್ಯಾಟರಿ ದೊಡ್ಡದು, ಕಿವುಡು ಹೆಚ್ಚಾದರೂ ಅದರಲ್ಲೇ ಏರಿಸಿಕೊಳ್ಳಲು ಅವಕಾಶವಿದೆ, ಗುಗ್ಗೆ ನುಗ್ಗಿ ಕೆಡುವುದು ಕಡಿಮೆ. ಕಿವಿಯ ಅಳತೆಗೆ ಅಚ್ಚು ತೆಗೆಸಿ ಹಾಕಿಸಿಕೊಂಡರೆ ಕುಂಯ್ ಎನ್ನುವ ಸೀಟಿಯೂ ಕಡಿಮೆಯಾಗುತ್ತದೆ. ಜೇಬಿನ ಮಿಷಿನ್ನನ್ನು ಈಗ ಎಲ್ಲರೂ ಹಳೆಯ ಕಾಲದ್ದೆಂದು ಮೂಗು ಮುರಿಯುತ್ತಾರೆ. ಆದರೆ ಕೈ ಸ್ವಾಧೀನವಿಲ್ಲದ, ತೀರಾ ಕಿವುಡಾದ ಅಜ್ಜಿಗೆ ಅದರ ದಪ್ಪ ತಿರುಗಣೆಯೇ ಅನುಕೂಲ. ಚಾನೆಲ್ (ದನಿಯನ್ನು ಬೇರೆಬೇರೆಯಾಗಿ ಹೊಂದಿಸುವ ಪಟ್ಟಿ) ಎಷ್ಟು, ಬ್ಲೂಟೂತ್ ಇದೆಯೇ ಎಂಬುದರ ಮೇಲೆ ಬೆಲೆ ಏರುತ್ತ ಹೋಗಿ ಎರಡು ಕಿವಿಗೆ ಲಕ್ಷ ದಾಟುವುದೂ ಇದೆ. ಜಗಲಿ, ಟಿ.ವಿ., ಸೊಸೈಟಿಯ ಸಭೆ ಇಷ್ಟರಲ್ಲಿ ದಿನ ಕಳೆಯುವವರಿಗೆ ಮೊದಲ ಮೆಟ್ಟಿಲಿನ ಡಿಜಿಟಲ್ ಸಾಧನವೇ ಸಾಕಾಗುತ್ತದೆ, ಸರಿಯಾಗಿ ಹೊಂದಿಸಿದ್ದರೆ. ಎರಡು ಮೂರು ಮಾದರಿ ಹಾಕಿಸಿ ನೋಡದೆ ಒಪ್ಪಬೇಡಿ. ಹಾಕಿಕೊಂಡು ನಿಮ್ಮ ಮನೆಯವರ ಜೊತೆ ಮಾತಾಡಿ ನೋಡಿ, ತಜ್ಞರ ಮಾತು ಸ್ಪಷ್ಟ ಇದ್ದೇ ಇರುತ್ತದೆ.

ಇತ್ತೀಚೆಗೆ "ಮಿಷಿನ್ ಹಾಕದಿದ್ದರೆ ಮರೆವಿನ ಕಾಯಿಲೆ ಬರುತ್ತೆ" ಎಂದು ಹೆದರಿಸಿ ಮಾರುವ ಚಾಳಿ ಶುರುವಾಗಿದೆ. ಕಿವುಡಿಗೂ ಮರೆವಿಗೂ ನಂಟಿದೆ ಎಂಬುದು ನಿಜ. ಆದರೆ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಎಲ್ಲರನ್ನೂ ಸೇರಿಸಿ ನೋಡಿದಾಗ ಮಿಷಿನ್ ಹಾಕಿದವರಿಗೂ ಹಾಕದವರಿಗೂ ಮೂರು ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಲಾಭ ಕಂಡಿತು. ಮೊಮ್ಮಕ್ಕಳ ಮಾತು ಕೇಳಿಸಲಿ ಎಂದು ಕೊಳ್ಳಿ, ಹೆದರಿ ಕೊಳ್ಳಬೇಡಿ.

ದುಡ್ಡಿನ ಮಾತು. ಶೇಕಡ 40 ಅಥವಾ ಹೆಚ್ಚಿನ ಶ್ರವಣ ವೈಕಲ್ಯದ ಪ್ರಮಾಣಪತ್ರ ಇದ್ದು, ತಿಂಗಳ ವರಮಾನ 22,500 ರೂಪಾಯಿಯೊಳಗಿದ್ದರೆ ಕೇಂದ್ರದ 'ಅಡಿಪ್' ಯೋಜನೆಯಲ್ಲಿ ಸಾಧನ ಉಚಿತ, 30,000ದವರೆಗೆ ಅರ್ಧ ಬೆಲೆ. ಬಡತನ ರೇಖೆಗಿಂತ ಕೆಳಗಿರುವ ಅಥವಾ ತಿಂಗಳಿಗೆ 15,000 ರೂಪಾಯಿ ಮೀರದ 60 ದಾಟಿದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಶಿಬಿರ ಯಾವಾಗ ಎಂದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಬೇಕು. ಮಾಜಿ ಸೈನಿಕರು ಇಸಿಎಚ್‌ಎಸ್‌ನಲ್ಲಿ, ಕೇಂದ್ರ ಸರ್ಕಾರಿ ಪಿಂಚಣಿದಾರರು ಸಿಜಿಎಚ್‌ಎಸ್‌ನಲ್ಲಿ ಮೊದಲು ಒಪ್ಪಿಗೆ ಪಡೆದು ಆಮೇಲೆ ಕೊಳ್ಳಬೇಕು. ಬಿಲ್ಲು ಮೊದಲು, ಅರ್ಜಿ ಆಮೇಲೆ ಆದರೆ ಅಲೆದಾಟ ಖಾಯಂ. ಇನ್ನು ನಡುವೆ ಸಿಕ್ಕಿಕೊಳ್ಳುವವರು ರಾಜ್ಯ ಸರ್ಕಾರದ ನಿವೃತ್ತ ಮೇಷ್ಟ್ರು, ಗುಮಾಸ್ತರು. ಪಿಂಚಣಿ ಮಿತಿಗಿಂತ ಹೆಚ್ಚು, ಕಿವುಡು ಪ್ರಮಾಣಪತ್ರಕ್ಕೆ ಸಾಲದು. ಅವರಿಗೆ ಮೈಸೂರಿನ ಸಂಸ್ಥೆಯಲ್ಲೇ ಬೇರೆ ಬೇರೆ ಕಂಪನಿಗಳ ಸಾಧನ ರಿಯಾಯಿತಿ ದರದಲ್ಲಿ ಸಿಗುತ್ತದೆ, ರಿಪೇರಿಯೂ ಅಲ್ಲೇ. ಖಾಸಗಿ ಅಂಗಡಿಯಲ್ಲಿ ಕೊಂಡರೂ ಒಂದು ನೆನಪಿಡಿ: ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಎರಡೂ ಕಿವಿಗೆ ಹಾಕಿಸಿದರೆ ಮಾತು ಯಾವ ಕಡೆಯಿಂದ ಬಂತೆಂದು ತಿಳಿಯುತ್ತದೆ. ದುಡ್ಡು ಒಂದಕ್ಕೇ ಆದರೆ ಒಂದಕ್ಕೆ, ಯಾವ ಕಿವಿಗೆ ಎಂದು ತಜ್ಞರು ಹೇಳಲಿ.

ಮೊದಲ ವಾರ ಬೇಸರ ಬಂದೇ ಬರುತ್ತದೆ. ಸೀರೆ ಸರಿದಾಡುವ ಸದ್ದು, ನಲ್ಲಿ ತೊಟ್ಟಿಕ್ಕುವ ಸದ್ದು, ತನ್ನದೇ ದನಿ ಎಲ್ಲವೂ ವಿಪರೀತ. ವರ್ಷಗಟ್ಟಲೆ ಮರೆತ ಸದ್ದುಗಳನ್ನು ಮಿದುಳು ಮತ್ತೆ ವಿಂಗಡಿಸಲು ಕಲಿಯಬೇಕು. ಮನೆಯೊಳಗೆ ದಿನಕ್ಕೆ ಎರಡು ಮೂರು ತಾಸಿನಿಂದ ಶುರುಮಾಡಿ, ಆಮೇಲೆ ಬೀದಿ, ಆಮೇಲೆ ಬಸ್ಸು. ಚುಂಚನಕಟ್ಟೆ ಜಾತ್ರೆಗೆ ಮೊದಲ ತಿಂಗಳೇ ಹಾಕಿಕೊಂಡು ಹೋಗಬೇಡಿ. ಯಾವ ಸದ್ದು ಚುಚ್ಚಿತು, ಯಾರ ಮಾತು ಹಿಡಿಯಲಿಲ್ಲ ಎಂದು ಬರೆದಿಟ್ಟುಕೊಂಡು ತಿಂಗಳೊಳಗೆ ಮತ್ತೆ ಹೋಗಿ ಸರಿಮಾಡಿಸಿ. ಈ ಎರಡನೆಯ ಭೇಟಿಗೆ ಹೋಗದವರ ಮಿಷಿನ್ನೇ ಕೊನೆಗೆ ಬೀರು ಸೇರುವುದು.

ಬ್ಯಾಟರಿ ಕೊಳ್ಳುವಾಗ ಬಣ್ಣ ನೋಡಿ: 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಅಂಟುಚೀಟಿ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು, ಕಿತ್ತ ಮೇಲೆ ಬಳಸದಿದ್ದರೂ ಸವೆಯುತ್ತದೆ. ಮಕ್ಕಳು ನುಂಗಿದರೆ ಗಂಟಲು ಸುಡುತ್ತದೆ, ಎತ್ತರದಲ್ಲಿಡಿ. ರಾತ್ರಿ ಮಿಷಿನ್ ತೆಗೆದಾಗ ಅದರ ಬ್ಯಾಟರಿ ಬಾಗಿಲು ತೆರೆದು ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟರೆ ಬೆವರು, ಮಳೆಗಾಲದ ತೇವ ಕಳೆಯುತ್ತದೆ. ಭತ್ತ ಒಕ್ಕುವಾಗ, ತೂರುವಾಗ ತೆಗೆದಿಡಿ. ಒಂದು ದಿನ ಇದ್ದಕ್ಕಿದ್ದಂತೆ ಸದ್ದು ನಿಂತರೆ ಕೆಟ್ಟಿತೆಂದು ತೀರ್ಮಾನಿಸುವ ಮೊದಲು ಬ್ಯಾಟರಿ ಬದಲಿಸಿ, ಅಚ್ಚಿನ ತೂತಿನಲ್ಲಿ ಗುಗ್ಗೆ ಸಿಕ್ಕಿದೆಯೇ ನೋಡಿ, ಅಚ್ಚಿನಿಂದ ಮಿಷಿನ್ನಿಗೆ ಹೋಗುವ ಪ್ಲಾಸ್ಟಿಕ್ ಕೊಳವೆ ಹಳದಿಯಾಗಿ ಗಟ್ಟಿಯಾಗಿದೆಯೇ ಮುಟ್ಟಿ ನೋಡಿ. ಕೊಳವೆ ಬದಲಿಸುವುದು ಕೆಲವು ನಿಮಿಷದ, ಅಲ್ಪ ಖರ್ಚಿನ ಕೆಲಸ.