ನೆರಳಿಲ್ಲದ ಮಧ್ಯಾಹ್ನ: ಶಾಲೆಗೊಂದು ಪ್ರಯೋಗದ ದಿನ

ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂಬುದು ರೂಢಿಯ ಮಾತು. ಆದರೆ ಕರ್ನಾಟಕದ ಯಾವುದೇ ಊರಿನಲ್ಲಿ ಸೂರ್ಯ ನಿಜವಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಬಾರಿ ಮಾತ್ರ. ಅದೂ ಗಡಿಯಾರ ಹನ್ನೆರಡು ತೋರಿಸುವಾಗ ಅಲ್ಲ. ಆ ದಿನಗಳಂದು ನೇರವಾಗಿ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಇದೇ 'ಶೂನ್ಯ ನೆರಳಿನ ದಿನ'. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್ 2023ರ ಏಪ್ರಿಲ್ 25ರಂದು ಕೋರಮಂಗಲದ ತನ್ನ ಆವರಣದಲ್ಲಿ ಇದನ್ನು ಸಾರ್ವಜನಿಕ ಕಾರ್ಯಕ್ರಮವಾಗಿ ನಡೆಸಿತು. ಇಂಥದನ್ನು ನಡೆಸಲು ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಒಂದು ಕೋಲು ಮತ್ತು ಬಯಲಿರುವ ಯಾವ ಶಾಲೆಯೂ ನಡೆಸಬಹುದು.

ಕಾರಣವೇನು?

ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿದೆ. ಆದ್ದರಿಂದ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಕಾಣುವ ಅಕ್ಷಾಂಶ ದಿನದಿಂದ ದಿನಕ್ಕೆ ಬದಲಾಗುತ್ತದೆ. ಮಾರ್ಚ್‌ನಲ್ಲಿ ಸಮಭಾಜಕ ವೃತ್ತವನ್ನು ದಾಟಿ ಉತ್ತರಕ್ಕೆ ಸಾಗುವ ಸೂರ್ಯ, ಜೂನ್ 21ರ ವೇಳೆಗೆ ಕರ್ಕಾಟಕ ವೃತ್ತವನ್ನು ಮುಟ್ಟಿ ಹಿಂದಿರುಗುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಮ್ಮ ಅಕ್ಷಾಂಶವನ್ನು ಹಾಯುತ್ತಾನೆ. ಕರ್ಕಾಟಕ ವೃತ್ತಕ್ಕಿಂತ ಉತ್ತರದಲ್ಲಿರುವ ದೆಹಲಿಯಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ.

ನಮ್ಮ ರಾಜ್ಯದಲ್ಲಿ ಈ ದಿನ ದಕ್ಷಿಣದಿಂದ ಉತ್ತರಕ್ಕೆ ಏಪ್ರಿಲ್ 20ರಿಂದ ಮೇ 14ರ ಸುಮಾರಿಗೆ ಸರಿಯುತ್ತದೆ. ಮೈಸೂರಿಗೆ ಏಪ್ರಿಲ್ 22, ಬೆಂಗಳೂರು ಮತ್ತು ಮಂಗಳೂರಿಗೆ ಏಪ್ರಿಲ್ 24, ಹುಬ್ಬಳ್ಳಿಗೆ ಮೇ 2, ಕಲಬುರಗಿಗೆ ಮೇ 9ರ ಆಸುಪಾಸು. ಹಿಂದಿರುಗುವಾಗ ಕಲಬುರಗಿಗೆ ಆಗಸ್ಟ್ 3, ಬೆಂಗಳೂರಿಗೆ ಆಗಸ್ಟ್ 18ರ ಆಸುಪಾಸು. ಈ ಎರಡು ದಿನಗಳ ನಡುವೆ ಬೆಂಗಳೂರಿನಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ! ಉಳಿದ ಕಾಲದಲ್ಲಿ ಉತ್ತರಕ್ಕೆ.

ವೇಳೆ ಯಾವುದು?

ನಮ್ಮ ಗಡಿಯಾರಗಳು ಪೂರ್ವ ರೇಖಾಂಶ 82.5 ಡಿಗ್ರಿಯ ಕಾಲವನ್ನು ತೋರಿಸುತ್ತವೆ. ಬೆಂಗಳೂರು ಇರುವುದು 77.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು 20 ನಿಮಿಷ ತಡ. ಭೂಕಕ್ಷೆಯ ಆಕಾರ ಮತ್ತು ಅಕ್ಷದ ಓರೆಯಿಂದ ಇನ್ನೂ ಕೆಲವು ನಿಮಿಷಗಳ ಹೆಚ್ಚುಕಡಿಮೆ ಉಂಟಾಗುತ್ತದೆ. ಹೀಗಾಗಿ ಬೆಂಗಳೂರಿನ ನಿಜವಾದ ನಡುಹಗಲು ಏಪ್ರಿಲ್ 24ರಂದು ಸುಮಾರು 12.18ಕ್ಕೆ, ಆಗಸ್ಟ್ 18ರಂದು ಸುಮಾರು 12.24ಕ್ಕೆ. ಮಂಗಳೂರಿನಲ್ಲಿ ಏಪ್ರಿಲ್ 24ರಂದು ಸುಮಾರು 12.29. ಕ್ಷಣ ತಪ್ಪಿದರೆ ನೆರಳು ಮರಳುತ್ತದೆ: 4 ನಿಮಿಷ ಹೆಚ್ಚುಕಡಿಮೆಯಾದರೂ 1 ಮೀಟರ್ ಕೋಲಿಗೆ ಸುಮಾರು 1.7 ಸೆಂ.ಮೀ. ನೆರಳಿರುತ್ತದೆ.

ಭೂಮಿಯ ಸುತ್ತಳತೆ

ನೆರಳು ಮಾಯವಾಗುವುದನ್ನು ನೋಡಿ ಚಪ್ಪಾಳೆ ತಟ್ಟಿದರೆ ಅದು ಬರಿಯ ತಮಾಷೆ. ಅದನ್ನು ಅಳತೆಯಾಗಿಸಿದರೆ ವಿಜ್ಞಾನ. ಕ್ರಿ.ಪೂ. 3ನೆಯ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನ ಸಯೀನ್ ಮತ್ತು ಅಲೆಕ್ಸಾಂಡ್ರಿಯ ನಗರಗಳ ನೆರಳುಗಳನ್ನು ಹೋಲಿಸಿ ಭೂಮಿಯ ಸುತ್ತಳತೆ ಕಂಡುಹಿಡಿದ. ನಮ್ಮ ಎರಡು ಶಾಲೆಗಳು ಸೇರಿ ಇದನ್ನೇ ಮಾಡಬಹುದು.

ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ನೆರಳು ಶೂನ್ಯವಾದರೆ, ಕಲಬುರಗಿಯಲ್ಲಿ ಅಲ್ಲಿನ ನಡುಹಗಲಿಗೆ 1 ಮೀಟರ್ ಕೋಲಿನ ನೆರಳು ಸುಮಾರು 7.6 ಸೆಂ.ಮೀ. ಇರುತ್ತದೆ. ನೆರಳನ್ನು ಕೋಲಿನ ಎತ್ತರದಿಂದ ಭಾಗಿಸಿ ಟ್ಯಾನ್ ಕೋಷ್ಟಕ ನೋಡಿದರೆ ಕೋನ ಸುಮಾರು 4.35 ಡಿಗ್ರಿ. ಎರಡು ಊರುಗಳ ನಡುವಿನ ಉತ್ತರ–ದಕ್ಷಿಣ ದೂರ ಸುಮಾರು 482 ಕಿ.ಮೀ. ಈ ದೂರವನ್ನು 360ರಿಂದ ಗುಣಿಸಿ 4.35ರಿಂದ ಭಾಗಿಸಿದರೆ ಬರುವ ಉತ್ತರ ಸುಮಾರು 39,900 ಕಿ.ಮೀ. ಧ್ರುವಗಳ ಮೂಲಕ ಅಳೆದ ಸುತ್ತಳತೆ ಸುಮಾರು 40,008 ಕಿ.ಮೀ. ಬಸ್ಸಿನ ರಸ್ತೆಯ ದೂರವನ್ನು ಬಳಸಬಾರದು. ಭೂಪಟದ ಅಳತೆಪಟ್ಟಿಯಿಂದ ನೇರ ಉತ್ತರ–ದಕ್ಷಿಣ ದೂರವನ್ನೇ ತೆಗೆಯಬೇಕು.

ಎಚ್ಚರಿಕೆಗಳು

ಕೋಲು ಲಂಬವಾಗಿದೆಯೇ ಎಂದು ತೂಕದ ಗುಂಡಿನಿಂದಲೂ, ನೆಲ ಸಮವಾಗಿದೆಯೇ ಎಂದು ರಸಮಟ್ಟದಿಂದಲೂ ನೋಡಿಕೊಳ್ಳಿ. ಸೂರ್ಯನ ಬಿಂಬ ಅರ್ಧ ಡಿಗ್ರಿ ಅಗಲವಿರುವುದರಿಂದ ನೆರಳಿನ ಅಂಚು ಮಸುಕಾಗಿರುತ್ತದೆ. ಮಸುಕಿನ ನಡುವೆ ಗುರುತು ಹಾಕಿ. ಮೇಲಿನ ಉದಾಹರಣೆಯಲ್ಲಿ 2 ಮಿ.ಮೀ. ತಪ್ಪಿದರೂ ಉತ್ತರದಲ್ಲಿ ಸುಮಾರು 1,000 ಕಿ.ಮೀ. ವ್ಯತ್ಯಾಸವಾಗುತ್ತದೆ. ಆದ್ದರಿಂದ ಹಲವು ಗುಂಪುಗಳು ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು. ಸೂರ್ಯನನ್ನು ಯಾರೂ ಬರಿಗಣ್ಣಿನಿಂದ ನೋಡಬಾರದು.

ರಜೆ, ಮೋಡ ಮತ್ತು ಪರಿಹಾರ

ಏಪ್ರಿಲ್–ಮೇ ತಿಂಗಳಲ್ಲಿ ಆಕಾಶ ಶುಭ್ರ, ಆದರೆ ಶಾಲೆಗೆ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಶಾಲೆ ಉಂಟು, ಆಕಾಶದಲ್ಲಿ ಮುಂಗಾರಿನ ಮೋಡ. ಈ ತೊಡಕಿನಿಂದಲೇ ಎಷ್ಟೋ ಮಕ್ಕಳಿಗೆ ಅವಕಾಶ ತಪ್ಪುತ್ತದೆ. ಬೇಸಿಗೆ ಶಿಬಿರ, ಗ್ರಂಥಾಲಯ, ವಿಜ್ಞಾನ ಸಂಘಗಳ ಮೂಲಕ ಏಪ್ರಿಲ್ ದಿನವನ್ನು ಆಚರಿಸಬಹುದು. ಆಗ ಸೂರ್ಯ ದಿನಕ್ಕೆ ಮೂರನೇ ಒಂದು ಡಿಗ್ರಿಯಷ್ಟೇ ಸರಿಯುವುದರಿಂದ, ಒಂದು ದಿನ ಮೋಡವಿದ್ದರೆ ಮರುದಿನವೂ ನೋಡಬಹುದು.

ಭೂಮಿಯನ್ನು ಅಳೆಯಲು ಮಾತ್ರ ಶೂನ್ಯ ನೆರಳೇ ಬೇಕೆಂದಿಲ್ಲ. ಯಾವುದೇ ಶುಭ್ರ ದಿನ ಎರಡು ಶಾಲೆಗಳು ತಮ್ಮ ತಮ್ಮ ನಡುಹಗಲಿನ ಅತಿ ಚಿಕ್ಕ ನೆರಳನ್ನು ಅಳೆದು, ಎರಡು ಕೋನಗಳ ವ್ಯತ್ಯಾಸ ತೆಗೆದರೆ ಸಾಕು. ಡಿಸೆಂಬರ್ 22ರಂದು 1 ಮೀಟರ್ ಕೋಲಿಗೆ ಬೆಂಗಳೂರಿನಲ್ಲಿ ಸುಮಾರು 74 ಸೆಂ.ಮೀ., ಕಲಬುರಗಿಯಲ್ಲಿ ಸುಮಾರು 86 ಸೆಂ.ಮೀ. ನೆರಳು ಬೀಳುತ್ತದೆ. ಕೋನಗಳ ವ್ಯತ್ಯಾಸ ಮತ್ತೆ ಅದೇ 4.4 ಡಿಗ್ರಿಯ ಸುಮಾರು.

ಶಿಕ್ಷಕರು ವರ್ಷದ ಆರಂಭದಲ್ಲೇ ರಾಜ್ಯದ ಇನ್ನೊಂದು ತುದಿಯ ಶಾಲೆಯೊಂದನ್ನು ಜೊತೆಗಾರನಾಗಿ ಆರಿಸಿಕೊಂಡು ದಿನ ಗೊತ್ತುಮಾಡಲಿ. ಅಳತೆಗಳನ್ನು ವಿದ್ಯಾರ್ಥಿಗಳೇ ದೂರವಾಣಿಯಲ್ಲಿ ವಿನಿಮಯ ಮಾಡಿಕೊಳ್ಳಲಿ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಭಾಷಣಗಳ ಜೊತೆಗೆ ಈ ಲೆಕ್ಕವನ್ನೂ ಊರಿನವರ ಮುಂದಿಡಬಹುದು. ತಾವೇ ಅಳೆದ ಭೂಮಿಯ ಗಾತ್ರವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಬೇಕಾಗುವುದಿಲ್ಲ.