ಕರೆಂಟು ಹೋದ ಮೇಲೆ ಎಷ್ಟನೇ ವಿಳಾಸದಿಂದ?

ಸಹಕಾರ ಸಂಘಗಳು ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಹಾಗಾಗಿ ಸದಸ್ಯರಿಗೆ ನೋಟಿಸು ಹೋಗುವ ಕಾಲವೂ ಮಲೆನಾಡಿನ ಮಳೆಗಾಲವೂ ಸಾಮಾನ್ಯವಾಗಿ ಒಂದೇ. ಸಕಲೇಶಪುರದ ಹೆತ್ತೂರು, ಹಾನುಬಾಳು, ಆಲೂರಿನ ಕೆ. ಹೊಸಕೋಟೆ ಕಡೆ ತಂತಿಯ ಮೇಲೆ ಮರ ಬಿತ್ತೆಂದರೆ ಕರೆಂಟು ಯಾವಾಗ ಬಂದೀತೆಂದು ಹೇಳುವಂತಿಲ್ಲ. ನೂರಾರು ವಿಳಾಸ ಅಚ್ಚಾಗುವಾಗ ಪ್ರಿಂಟರ್ ನಡುವೆಯೇ ನಿಂತರೆ ಮತ್ತೆ ಎಲ್ಲಿಂದ ಶುರು ಮಾಡಬೇಕು? ಅದನ್ನು ಯಂತ್ರ ಹೇಳಲಾರದು. ಮೊದಲೇ ಅಚ್ಚುಕಟ್ಟಾಗಿ ಮಾಡಿಟ್ಟ ಪಟ್ಟಿ ಹೇಳುತ್ತದೆ.

ಕಂಪ್ಯೂಟರ್ ತೋರಿಸುವುದು ತಾನು ಕಳಿಸಿದ್ದನ್ನು, ಕಾಗದದ ಮೇಲೆ ಮೂಡಿದ್ದನ್ನಲ್ಲ. ಹಾಳೆಗೆ 24 ವಿಳಾಸದ ಚೀಟಿಯಂತೆ 20 ಹಾಳೆ ಹೋಗಿದೆ ಎಂದು ಪರದೆ ಹೇಳಬಹುದು. ಟ್ರೇಯಲ್ಲಿ ಪೂರ್ತಿ ಬಂದಿರುವುದು 17 ಮಾತ್ರ ಇರಬಹುದು. ಉಳಿದವು ಪ್ರಿಂಟರ್‌ನ ನೆನಪಿನಲ್ಲಿದ್ದು, ಕರೆಂಟಿನೊಂದಿಗೇ ಅಳಿಸಿಹೋಗಿರುತ್ತವೆ. ಪ್ರತಿ ಚೀಟಿಯ ಮೂಲೆಯಲ್ಲೊಂದು ಸಣ್ಣ ಕ್ರಮಸಂಖ್ಯೆ ಇದ್ದರೆ ಗೊಂದಲವಿಲ್ಲ: ಕೊನೆಯದು 408, ಮುಂದಿನದು 409. ಲೇಸರ್ ಪ್ರಿಂಟರ್‌ನೊಳಗೆ ಸಿಕ್ಕಿಕೊಂಡ ಹಾಳೆ ನೋಡಲು ಸರಿಯಾಗಿದ್ದರೂ ಬಿಸಿ ತಾಗದ ಟೋನರ್ ಪುಡಿ ಬೆರಳಿಗೆ ಅಂಟುತ್ತದೆ, ಅದನ್ನು ಬಿಸಾಡಲೇಬೇಕು. ಮತ್ತೆ ಶುರು ಮಾಡುವ ಮುನ್ನ ಕ್ಯೂನಲ್ಲಿ ಉಳಿದ ಹಳೆಯ ಕೆಲಸವನ್ನು ರದ್ದು ಮಾಡಬೇಕು. ಪಟ್ಟಿಗೆ ನಡುವೆ ಹೊಸ ಹೆಸರನ್ನೂ ಸೇರಿಸಬಾರದು. ಸೇರಿಸಿದರೆ ಮುಂದಿನ ಸಂಖ್ಯೆಗಳೆಲ್ಲ ಜಾರುತ್ತವೆ.

ಯುಪಿಎಸ್ ಇದ್ದರೆ ಇಷ್ಟೆಲ್ಲ ಏಕೆ ಎನ್ನಬಹುದು. ಲೇಸರ್ ಪ್ರಿಂಟರ್ ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ ತಾಳದು. ತಾಳಿದರೂ ಥಂಡಿಗೆ ಸುರುಳಿಯಾದ ಹಾಳೆ ಸಿಕ್ಕಿಕೊಳ್ಳುವುದಕ್ಕೆ ಅದರಲ್ಲಿ ಮದ್ದಿಲ್ಲ. ವಾಟ್ಸಾಪ್ ಸಾಲದೇ ಎಂದರೆ, ಬೈಲಾ ಅಂಚೆಯ ನೋಟಿಸನ್ನೇ ಕೇಳುವಲ್ಲಿ ಸಾಲದು. ಅನುಮಾನ ಬಂದವನ್ನು ಎರಡು ಸಲ ಅಚ್ಚು ಹಾಕಿದರಾಯಿತು, ನಷ್ಟ ಒಂದು ಅಂಚೆಚೀಟಿ ಮಾತ್ರ ಎಂಬ ವಾದವೂ ಉಂಟು. ಆದರೆ ಒಂದು ವಿಳಾಸ ಎರಡು ಸಲ ಬಂದು ಇನ್ನೊಂದು ಬಿಟ್ಟುಹೋದರೆ ಒಟ್ಟು ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಬಿಟ್ಟುಹೋದ ಸದಸ್ಯ ಸಭೆಗೆ ಬಾರದಿದ್ದರೂ ಯಾಕೆಂದು ಯಾರಿಗೂ ತಿಳಿಯದು.

ಹೀಗೆ ಯಾರೂ ಬಿಟ್ಟುಹೋಗದಂತೆ ನೋಡಿಕೊಳ್ಳಲು 1972ರಲ್ಲಿ ಬಂದ ಪಿನ್‌ಕೋಡ್ ಒಳ್ಳೆಯ ಆಸರೆ. ಸಕಲೇಶಪುರದ 573134, ಆಲೂರಿನ 573213 ಎಂದು ಪಟ್ಟಿಯನ್ನು ಮೊದಲೇ ಬೇರೆಬೇರೆ ಕಂತು ಮಾಡಿ, ಒಂದು ಕಂತು ಮುಗಿಸಿ ಕಟ್ಟು ಕಟ್ಟಿದ ಮೇಲೆ ಇನ್ನೊಂದಕ್ಕೆ ಕೈಹಾಕಿದರೆ, ಕರೆಂಟು ಹೋದಾಗ ಪರಿಶೀಲಿಸಬೇಕಾದ್ದು ಕೈಯಲ್ಲಿರುವ ಕಂತೊಂದನ್ನೇ. ಅಂಚೆ ಕಚೇರಿಯಲ್ಲಿ ವಿಂಗಡಣೆಯ ಕೆಲಸವೂ ಅಷ್ಟರಮಟ್ಟಿಗೆ ಹಗುರವಾಗುತ್ತದೆ.